ಕಂಟ್ರೋಲರ್ ಕಾಕಾನ ನಾನ್‌ಸ್ಟಾಪ್ ಟಿ.ವಿ.

ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಚಿಮುಕಿಸಿದೆ. ನಳ ಬರುವ ದಿನವಾದ್ದರಿಂದ ಕೊಡ, ಬಕೆಟ್ಟು, ಕೊನೆಗೆ ಮಜ್ಜಿಗೆಯ ಚೆಂಬನ್ನೂ ಬಿಡದೆ ತುಂಬಿಸಿಟ್ಟೆ. ರೊಟ್ಟಿ ಬಡಿದೆ. ಅಡತ್ ಅಂಗಡಿಯಲ್ಲಿ ರೈತರ ಮಾಲಿನ ತೂಕ ನೋಡುವ ನಮ್ಮ ಮನೆಯವರಿಗೆ ಬುತ್ತಿ ಕಟ್ಟಿ ಕಳಿಸಿದೆ. ಶೇಂಗಾ ಹುರಿದು, ಸಿಪ್ಪೆ ಕೇರಿ, ಬೆಳ್ಳುಳ್ಳಿ ಹಾಕಿ ಹಿಂಡಿ ಕುಟ್ಟಿದೆ. ಕೌದಿಗಳನ್ನು ಬಿಸಿಲಿಗೆ ಹಾಕಿ ಮಗ್ಗುಲು ಬದಲಿಸಿದೆ. ಮಧ್ಯಾಹ್ನ ಪಕ್ಕದ ಮನೆಯ ಕಾಕು ಹತ್ತಿರ ಹೋಗಿ ಕೂತು, ಆಕೆಯೊಂದಿಗೆ ಮೆಂತ್ಯ ಬಿಡಿಸಿ, ಒಂದು ಚಹಾ ಕುಡಿದು ಬಂದೆ.

ಆ ಮನೆಯ ಕಾಕಾ ತೀರಿಹೋಗಿ ತಿಂಗಳಾಯಿತು. ಅವರ ಬಗ್ಗೆ ಬರೆಯಬೇಕು ಎಂದು ಈ ಮೊದಲು ನನಗೆ ಅನ್ನಿಸಿದ್ದೇ ಇಲ್ಲ. ಬದುಕಿದ್ದಷ್ಟು ಕಾಲ ಅವರ ಬಗ್ಗೆ ಬೇರೆಯವರು ಮಾತಾಡಲು ಅವರು ಜಾಗವನ್ನೇ ಬಿಟ್ಟಿರಲಿಲ್ಲ. ಎಲ್ಲ ಅವರೇ ಹೇಳಿ ಮುಗಿಸುತ್ತಿದ್ದರು.

ಅವರು ನಮ್ಮ ಶಹಾಪುರದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಬಂತು, ಯಾವುದು ಹೊರಟಿತು ಎಂದು ಮೈಕಿನಲ್ಲಿ ಕೂಗುವ ಕೆಲಸ. ಕುಳ್ಳಗಿನ ಮೈ, ದುಂಡನೆಯ ಹೊಟ್ಟೆ, ಜೇಬಿನಲ್ಲಿ ಎರಡು ಪೆನ್ನು. ಎರಡರಲ್ಲಿ ಒಂದಕ್ಕೂ ಮಸಿ ಇರುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಮುಂಜಾನೆ ಎದ್ದರೆ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟೇ ಹಲ್ಲುಜ್ಜಲು ಬರುತ್ತಿದ್ದರು. ಮಾತಾಡುವಾಗ ಎಡಗೈಯನ್ನು ಕಿವಿಗೆ ಮುಚ್ಚಿಕೊಳ್ಳುವ ಅಭ್ಯಾಸ. ತಮ್ಮ ದನಿ ತಮಗೇ ಚೆನ್ನಾಗಿ ಕೇಳಲಿ ಅಂತ. ಮನೆಯಲ್ಲಿ ಚಹಾ ಬೇಕಾದರೂ ಅದು ಅಡುಗೆಮನೆಯಿಂದ ಪಡಸಾಲೆ ಮಾರ್ಗವಾಗಿ ಜಗುಲಿಗೆ ಹೊರಡಲಿರುವ ಚಹಾ ಆಗಿರುತ್ತಿತ್ತು. ಎರಡು ಸಲ ಹೇಳುತ್ತಿದ್ದರು. ಒಳಗಿನಿಂದ ಕಾಕು, ಅವರ ಹೆಂಡತಿ, ತಣ್ಣಗೆ, "ಇನ್ನಾ ಡಿಪೋದಾಗ ಅದ," ಅನ್ನುತ್ತಿದ್ದಳು.

ನಾನು ಅವರನ್ನು ನೋಡುವ ಮೊದಲೇ ಅವರ ದನಿ ಕೇಳಿದವಳು. ಮದುವೆಯಾಗಿ ಯಾದಗಿರಿಯಿಂದ ಮೊದಲ ಸಲ ಬಂದಾಗ ಗಂಡ ಪೆಟ್ಟಿಗೆ ಇಳಿಸಲು ಬಸ್ಸಿನ ಹಿಂದೆ ಹೋದರು, ನಾನು ಮುಂದೆ ಬಂದೆ, ಜನರ ನಡುವೆ ತಪ್ಪಿಸಿಕೊಂಡೆ. ಹೊಸ ಊರು, ಹೊಸ ಗಂಡ. ಅವರ ಮುಖವೂ ಸರಿಯಾಗಿ ನೆನಪಿರಲಿಲ್ಲ. ಆಗ ಮೇಲಿನಿಂದ ದನಿ ಬಂತು. ಯಾದಗಿರಿಯಿಂದ ಬಂದ ಹಸಿರು ಸೀರೆಯ ಮದುಮಗಳು ಬೇವಿನಗಿಡದ ಬುಡದಲ್ಲೇ ನಿಲ್ಲಬೇಕು, ಅವರನ್ನು ಹುಡುಕುತ್ತಿರುವ ಕನ್ನಡಕದ ಯಜಮಾನರು ಬೇರೆ ಹಸಿರು ಸೀರೆಯ ಹಿಂದೆ ಹೋಗಬಾರದು. ಇಡೀ ನಿಲ್ದಾಣ ನಕ್ಕಿತು. ನಮ್ಮ ಮನೆಯವರು ಇವತ್ತಿಗೂ ಆ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ.

ಇನ್ನೊಂದು ಸಲ ಸುರಪುರದ ಬಸ್ಸು ಹೊರಡುವುದರಲ್ಲಿತ್ತು. ದೇವಾಪುರದ ಕಡೆಯ ಒಬ್ಬ ಮುದುಕ ಸೀಟು ಹಿಡಿದ ಸಂಭ್ರಮದಲ್ಲಿ ತನ್ನ ಕುರಿಮರಿಯನ್ನು ಕೆಳಗೇ ಬಿಟ್ಟಿದ್ದ. ಕಾಕಾ ಮೈಕು ಹಿಡಿದು ಗಂಭೀರವಾಗಿ, "ಹಳದಿ ರುಮಾಲಿನ ಹಿರಿಯರ ಗಮನಕ್ಕ. ನಿಮ್ಮ ಮರಿ ನನ್ನ ಕ್ಯಾಬಿನ್ನಿಗೆ ಬಂದು ನಾಳಿನ ಡ್ಯೂಟಿ ಚಾರ್ಟ್ ತಿನ್ನಾಕತ್ತದ. ಲಗೂನ ಬರ್ರಿ, ಇಲ್ಲಂದ್ರ ನಾಳಿ ನಿಮ್ಮೂರಿಗೆ ಬಸ್ ಇರೂದಿಲ್ಲ," ಅಂದಿದ್ದರು. ನಾನು ಆವತ್ತು ಕಣ್ಣಾರೆ ಕಂಡೆ, ಮುದುಕ ಕಿಟಕಿಯಿಂದಲೇ ಇಳಿದ.

ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿರುವಾಗ ನಿಲ್ದಾಣಕ್ಕೆ ರೆಕಾರ್ಡು ಮಾಡಿದ ಹೆಂಗಸಿನ ದನಿ ಬಂತು. ನಯವಾದ ದನಿ, ಕೆಮ್ಮಿಲ್ಲ, ಬೈಗುಳವಿಲ್ಲ. ಕಾಕಾ ಆಕೆಯನ್ನು ಸವತಿಯಂತೆ ದ್ವೇಷಿಸಿದರು. "ಆಕಿ ಬಂದದ ಅಂತಾಳ, ಬಸ್ ಬಂದಿರೂದಿಲ್ಲ. ಆಕಿಗೆ ಕಣ್ಣೆಲ್ಲಿ ಅದಾವ?" ಅನ್ನುತ್ತಿದ್ದರು. ಕೊನೆಯ ವರ್ಷಗಳಲ್ಲಿ ಸುಮ್ಮನೆ ಬಟನ್ ಒತ್ತುವ ಕೆಲಸ ಉಳಿದಿತ್ತು. ಬಟನ್ ಒತ್ತಿ, ಆಕೆಯ ಮಾತು ಮುಗಿದ ಮೇಲೆ, ಕಿಟಕಿಯಿಂದ ತಲೆ ಹೊರಹಾಕಿ ತಮ್ಮದೂ ಒಂದು ಸಲ ಕೂಗುತ್ತಿದ್ದರು.

ಮನೆಗೆ ಬಂದು ಕೂತ ಮೇಲೆ ಅವರಿಗೆ ಉಳಿದ ಆಸ್ತಿಯೆಂದರೆ ಮಾಳಿಗೆಯ ಮೇಲಿನ ಅಂಟೆನಾ. ಓಣಿಯಲ್ಲಿ ಉಳಿದವರೆಲ್ಲ ಡಿಶ್ ಛತ್ರಿಗೋ ಕೇಬಲ್ಲಿಗೋ ಹೋಗಿ ವರ್ಷಗಳಾಗಿದ್ದವು. ನಮ್ಮ ಅಂಟೆನಾದ ಪೈಪಿಗೆ ನಾನು ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದೆ. ಕಾಕಾ ಮಾತ್ರ ತಮ್ಮದನ್ನು ಒರೆಸಿ, ಬಣ್ಣ ಹಚ್ಚಿ, ಟವರಿನ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಟಿ.ವಿ. ಟವರು ಇರುವುದು ಗುಡ್ಡದ ಆಚೆ. ನಮ್ಮ ಓಣಿ ಈಚೆಯ ಬುಡದಲ್ಲಿ. ಹಾಗಾಗಿ ಹಳೆಯ ಕಾಲದಲ್ಲೂ ನಮಗೆ ಚಿತ್ರ ನೆಟ್ಟಗೆ ಬಂದದ್ದಿಲ್ಲ. ಪ್ರತಿಯೊಬ್ಬರ ಪಕ್ಕದಲ್ಲೂ ಅವರದೇ ಮಸುಕು ನೆರಳೊಂದು ನಿಂತಿರುತ್ತಿತ್ತು. ವಾರ್ತೆ ಓದುವವಳಿಗೂ, ಒಕ್ಕಲುತನದ ಸಲಹೆ ಕೊಡುವ ಸಾಹೇಬರಿಗೂ ನೆರಳು. ಪರದೆಯ ತುಂಬ ಇರುವೆ ಹರಿದಾಡಿದ ಹಾಗೆ ಚುಕ್ಕೆ. ಮಕ್ಕಳು ಅದನ್ನು ಇರುವೆ ಬಂದವು ಎಂದೇ ಹೇಳುತ್ತಿದ್ದರು.

ಒಂದು ದಿನ ಯಾರೋ ಡ್ರೈವರ್ ಕಾಕಾಗೆ ಸುದ್ದಿ ಕೊಟ್ಟ. ಟವರಿನಲ್ಲಿ ಹೊಸ ಡಿಜಿಟಲ್ ಯಂತ್ರ ಕೂಡಿಸಿದ್ದಾರೆ, ಅದೇ ಅಂಟೆನಾಕ್ಕೆ ಒಂದು ಡಬ್ಬಿ ಜೋಡಿಸಿದರೆ ಕನ್ನಡಿಯ ಹಾಗೆ ಚಿತ್ರ ಬರುತ್ತದೆ ಎಂದು. ಕಾಕಾ ಮರುದಿನವೇ ಕಲಬುರಗಿಗೆ ಹೋಗಿ ಎಲೆ-ಅಡಿಕೆ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ತಂದರು. ಮಾಳಿಗೆ ಹತ್ತಿದರು. ಅಂಟೆನಾವನ್ನು ಕೂದಲಷ್ಟು ಆ ಕಡೆ, ಕೂದಲಷ್ಟು ಈ ಕಡೆ ತಿರುಗಿಸಿ, "ಬಂತೇನ?" ಅಂತ ಕೂಗುವರು. ಕೆಳಗಿನಿಂದ ಕಾಕು, "ಇಲ್ಲ." ದಿನಗಟ್ಟಲೆ ಇದೇ ನಡೆಯಿತು. ಓಣಿಯ ಗಿಳಿಯೊಂದು "ಬಂತೇನ" ಕಲಿಯಿತು ಅಂತ ನಮ್ಮ ಮನೆಯವರು ಹೇಳುತ್ತಾರೆ, ಅದು ಸುಳ್ಳಿರಬೇಕು. ಡಿಜಿಟಲ್ಲಿನ ಸ್ವಭಾವವೇ ಹಾಗಂತೆ. ಬಂದರೆ ಪೂರ್ತಿ, ಇಲ್ಲವಾದರೆ ಪೂರ್ತಿ ಇಲ್ಲ. ಅರ್ಧಂಬರ್ಧ, ಮಸುಕು ಮಸುಕು ಎನ್ನುವ ವ್ಯವಹಾರವಿಲ್ಲ. ಕಾಕಾ ಸೋತು ನಮ್ಮ ಗೋಡೆಗೆ ಬಂದು ನಿಂತು, "ಮೊದಲ ಬಸ್ ಬರದಿದ್ರೂ ದೂರದಾಗ ಧೂಳರ ಕಾಣತಿತ್ತವ್ವಾ. ಈಗ ಧೂಳೂ ಇಲ್ಲ," ಅಂದರು.

ಕೊನೆಗೆ ಸಿಟ್ಟಿಗೆದ್ದು ಪೈಪಿನ ನಟ್ಟು ಬಿಗಿಯದೆ ಹಾಗೇ ಇಳಿದು ಬಂದುಬಿಟ್ಟರು. ಗಾಳಿಗೆ ಅಂಟೆನಾ ತಾನಾಗಿ ಸುತ್ತಿ, ಟವರಿಗೆ ಬೆನ್ನು ಹಾಕಿ, ಪಡುವಣದ ದೊಡ್ಡ ಬಂಡೆಗಲ್ಲಿನ ಕಡೆ ಮುಖ ಮಾಡಿ ನಿಂತಿತು. ಒಳಗಿನಿಂದ ಕಾಕು ಸೌಟು ಹಿಡಿದೇ ಹೊರಬಂದಳು. ಬಂತು ಅಂದಳು. ಕನ್ನಡಿಯ ಹಾಗೆಯೇ ಬಂದಿತ್ತು. ನೆರಳಿಲ್ಲ, ಇರುವೆಯಿಲ್ಲ. ಗುಡ್ಡದ ಮೇಲಿಂದ ಹಾಯ್ದು ನೇರ ನಮ್ಮ ಬುಡಕ್ಕೆ ಇಳಿಯಲಾರದ ಅಲೆ ಎದುರಿನ ಬಂಡೆಗೆ ಬಡಿದು ನಮ್ಮ ಓಣಿಗೆ ವಾಪಸು ಬರುತ್ತಿತ್ತಂತೆ. ಕಾಕಾ ಸಂಜೆಯೊಳಗೆ ಇಡೀ ಓಣಿಗೆ ಹೇಳಿಬಿಟ್ಟರು, ಇದೆಲ್ಲ ತಾವು ಲೆಕ್ಕ ಹಾಕಿಯೇ ಮಾಡಿದ್ದು ಎಂದು. ಟವರು ಬಂಡೆಗೆ ಹೇಳುತ್ತದೆ, ಬಂಡೆ ನಮಗೆ ಹೇಳುತ್ತದೆ. ಗಾಳಿಯ ಹೆಸರನ್ನು ಎತ್ತಲೇ ಇಲ್ಲ. ಕಾಕುವೂ ಎತ್ತಲಿಲ್ಲ, ಬರೀ ನನ್ನ ಕಡೆ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವರ ಎದುರುಮನೆಯ ಭೀಮಾಶಂಕರ ತಹಸೀಲು ಕಚೇರಿಯಲ್ಲಿ ಗುಮಾಸ್ತ. ಅವನ ಕಟ್ಟೆಯ ಮೇಲೆ ಸಂಜೆ ನಾಲ್ಕಾರು ಗಂಡಸರು ಸೇರಿ ಅವನ ದೊಡ್ಡ ಫೋನಿನಲ್ಲಿ ಕ್ರಿಕೆಟ್ಟು ನೋಡುವುದು ರೂಢಿ. ಒಂದು ದಿನ ಅವರು ಹೀಗೆ ಕೂತಿರುವಾಗ ಕಾಕಾನ ಪಡಸಾಲೆಯಿಂದ "ಔಟ್" ಎಂಬ ಕೂಗು ಬಂತು. ಕಟ್ಟೆಯವರು ಫೋನು ನೋಡಿದರು. ಬೌಲರು ಇನ್ನೂ ಚೆಂಡನ್ನು ಚೊಣ್ಣಕ್ಕೆ ತಿಕ್ಕುತ್ತಿದ್ದ. ಕಾಕಾಗೆ ವಯಸ್ಸಾಯಿತು ಅಂತ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಫೋನಿನಲ್ಲೂ ವಿಕೆಟ್ಟು ಬಿತ್ತು. ಮತ್ತೊಮ್ಮೆ ಹಾಗೇ ಆಯಿತು, ಮಗದೊಮ್ಮೆಯೂ. ಕೆಲವು ದಿನ ಕಾಕಾ ಚಹಾದಂಗಡಿಯಲ್ಲಿ ಭವಿಷ್ಯ ಬಲ್ಲವರಾಗಿ ಮೆರೆದರು. ಕೇಳಿದವರಿಗೆ, "ನೋಡ್ಕೋತ ನೋಡ್ಕೋತ ಅಂದಾಜು ಬರತದ," ಅನ್ನುತ್ತಿದ್ದರು. ಕೊನೆಗೆ ಭೀಮಾಶಂಕರನೇ ಅವರ ಪಡಸಾಲೆಗೆ ಫೋನು ಹಿಡಿದು ಬಂದು, ಟಿ.ವಿ. ಪಕ್ಕ ಇಟ್ಟು ನೋಡಿ ಗುಟ್ಟು ಕಂಡುಹಿಡಿದ. ಅಂಟೆನಾದ ಚಿತ್ರ ಮೊದಲು ಬರುತ್ತಿತ್ತು, ಫೋನಿನದು ಅರ್ಧ ನಿಮಿಷ ಹಿಂದೆ ಕುಂಟುತ್ತ ಬರುತ್ತಿತ್ತು.

"ಕಾಕಾ, ನಾವು ಮ್ಯಾಚ್ ನೋಡಾಕ ಕುಂತೀವಿ, ರಿಸಲ್ಟ್ ಕೇಳಾಕಲ್ಲ," ಅಂದ.

"ನಂದು ನಾನ್‌ಸ್ಟಾಪ್, ತಮ್ಮಾ. ನಿಂದು ಶಟಲ್, ಗಿಡ ಕಂಡಲ್ಲೆಲ್ಲ ನಿಲ್ಲತದ. ಮುಂದಿನ ಗಾಡಿ ಹಿಂದಿನದಕ್ಕ ಕಾಯೂದಿಲ್ಲ."

"ಹಂಗಾರ ಬಾಗಲಾ ಹಾಕ್ಕೊಂಡು ನೋಡ್ರಿ."

"ಬಾಗಲಾ ಹಾಕಿದ ಸ್ಟ್ಯಾಂಡಿಗೆ ಯಾರು ಬರ್ತಾರ?"

ಆ ಜಗಳ ಇಡೀ ಬೇಸಿಗೆ ನಡೆಯಿತು. ಕಟ್ಟೆಯವರು ಕಿವಿಗೆ ಹತ್ತಿ ಇಟ್ಟುಕೊಂಡರು. ನಮ್ಮೂರಿಗೆ ಹತ್ತಿಯ ಬರವಿಲ್ಲ. ಕಾಕಾ ಇನ್ನೂ ಜೋರಾಗಿ ಕೂಗಿದರು. ಒಮ್ಮೆ ಭೀಮಾಶಂಕರ ಬಾಗಿಲಿಗೇ ಬಂದು ಕೈಮುಗಿದ. ಕಾಕಾ ಅವನು ಕೈಮುಗಿದದ್ದನ್ನೂ ಓಣಿಗೆ ಅನೌನ್ಸ್ ಮಾಡಿದರು. ನನಗೆ ನಗು ಬರುತ್ತಿತ್ತು. ಆದರೆ ಕಾಕು ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ, "ನಾಲ್ಕು ಮಂದಿಗೆ ಮೊದಲ ಹೇಳೂದ ಅವರ ಊಟ ಆಗೇದವ್ವಾ. ರಿಟೈರ್ ಆದಮ್ಯಾಲ ಹಸದಿದ್ರು. ಈಗ ಎರಡು ರೊಟ್ಟಿ ಹೆಚ್ಚಿಗಿ ತಿನ್ನಾಕತ್ತಾರ," ಅಂದಳು. ಆಮೇಲೆ ಆ ಕೂಗು ಕೇಳಿದಾಗ ನಾನು ನಗುವುದು ಸ್ವಲ್ಪ ಕಡಿಮೆಯಾಯಿತು.

ಮಳೆಗಾಲ ಮುಗಿಯುವಾಗ ಅವರ ದನಿ ಒಡೆಯಿತು. ಮೊದಲು ಗೊಗ್ಗರಾಯಿತು, ಆಮೇಲೆ ನಡುನಡುವೆ ಕತ್ತರಿಸಿ ಬಿದ್ದಂತೆ ನಿಂತುಹೋಗತೊಡಗಿತು. ಕಲಬುರಗಿಯ ಡಾಕ್ಟರು ಗಂಟಲಲ್ಲಿ ಗಂಟು ಇದೆ ಎಂದರು, ಕತ್ತರಿಸಿ ತೆಗೆದರು. ಜೀವಕ್ಕೆ ಭಯವಿಲ್ಲ, ಆದರೆ ತಾವು ಮತ್ತೆ ನೋಡುವ ತನಕ ಒಂದು ತಿಂಗಳು ಪೂರಾ ಮೌನ, ಪಿಸುಮಾತೂ ಕೂಡದು, ಒಂದೇ ಒಂದು ಸಲ ಚೀರಿದರೂ ಗಾಯ ಹರಿದು ದನಿ ಮತ್ತೆ ಬರಲಿಕ್ಕಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದರು. ಕಾಕು ಬಸ್ಸಿನಿಂದ ಇಳಿದವಳೇ ಮನೆಮನೆಗೆ ಬಂದು ಈ ಮಾತು ತಿಳಿಸಿದಳು. ಅವರನ್ನು ಯಾರೂ ಮಾತಾಡಿಸಬೇಡಿ, ಕೆಣಕಬೇಡಿ, ಅವರು ಉತ್ತರ ಕೊಡದೆ ಇರುವ ಜಾತಿಯಲ್ಲ ಎಂದು ಎಲ್ಲರ ಕೈ ಹಿಡಿದು ಹೇಳಿದಳು. ಹೇಳುವಾಗ ಆಕೆಯ ಕಣ್ಣು ತುಂಬಿದ್ದವು. ದನಿಯಿಲ್ಲದ ಕಾಕಾನ ಜೊತೆ ಬದುಕುವುದು ಹೇಗೆಂದು ಆಕೆಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ.

ಭೀಮಾಶಂಕರ ಪೇಢೆ ಹಂಚಿದ. ಓಣಿಗೆ ಶಾಂತಿ ಬಂದ ಖುಷಿಗೆ ಅಂತ ಕಾಕಾನ ಮುಂದೆಯೇ ಹೇಳಿದ. ಕಾಕು ಅವನನ್ನು ನುಂಗುವ ಹಾಗೆ ನೋಡಿದಳು. ಕಾಕಾ ಬಾಯಿ ತೆರೆದರು, ನೆನಪಾಗಿ ಮುಚ್ಚಿದರು, ಆ ಸಿಟ್ಟಿಗೆ ಮೂರು ಪೇಢೆ ತಿಂದರು.

ಮುಂದಿನ ಮ್ಯಾಚಿನ ದಿನ ನಾನು ಅವರ ಪಡಸಾಲೆಯಲ್ಲೇ ಇದ್ದೆ. ವಿಕೆಟ್ಟು ಬಿತ್ತು. ಕಾಕಾ ಎದ್ದರು, ಕೂತರು, ತೊಡೆ ಬಡಿದುಕೊಂಡರು. ಮುಖ ಕೆಂಪಾಗಿ, ಕೊರಳ ನರ ಉಬ್ಬಿ, ಹೊಟ್ಟೆಯಲ್ಲಿದ್ದ ಸುದ್ದಿ ಹೊರಬರಲು ದಾರಿ ಹುಡುಕುತ್ತಿತ್ತು. ಕಾಕು ಹೆದರಿ ಅಡುಗೆಮನೆಗೆ ಓಡಿ ಸ್ಟೀಲಿನ ತಾಟು ಮತ್ತು ಸೌಟು ತಂದು ಅವರ ಕೈಗಿಟ್ಟಳು. "ಬಡೀರಿ. ಬಾಯಿ ಮಾತ್ರ ತಗೀಬ್ಯಾಡ್ರಿ." ಕಾಕಾ ಬಡಿದರು. ಎದುರು ಕಟ್ಟೆಯವರು ಬೆಚ್ಚಿಬಿದ್ದರು.

ಎರಡು ದಿನದಲ್ಲಿ ಅದಕ್ಕೊಂದು ಭಾಷೆ ಹುಟ್ಟಿತು. ಒಂದು ಬಡಿತವೆಂದರೆ ಬೌಂಡರಿ. ಎರಡೆಂದರೆ ಸಿಕ್ಸರು. ಗಡಗಡ ಬಾರಿಸಿದರೆ ಔಟು. ಫೋನಿಲ್ಲದ ನಾವು ಹೆಂಗಸರು ರೊಟ್ಟಿ ಬಡಿಯುತ್ತಲೇ ಆಟದ ಸ್ಥಿತಿ ತಿಳಿಯತೊಡಗಿದೆವು. ಒಮ್ಮೆ ಕಾಕಾ ಸುಮ್ಮನೆ ಕೂತಿದ್ದಾಗ ಕಾಕುವಿನ ಕೈಯಿಂದ ಹಿಟ್ಟಿನ ಪರಾತ ಜಾರಿ ಅಡುಗೆಮನೆಯ ತುಂಬ ಗಡಗಡ ಉರುಳಿತು. ನಮ್ಮ ಮನೆಯವರು ಎತ್ತಿದ ತುತ್ತನ್ನು ಇಳಿಸಿ, ಹೋಯಿತು, ಔಟಾದ ಅಂದರು. ಕಟ್ಟೆಯಲ್ಲಿ ಗಂಡಸರು ಫೋನಿನ ಮೇಲೆ ಬಾಗಿ ವಿಕೆಟ್ಟಿಗೆ ಕಾದರು, ಕಾದರು. ಅದು ಬೀಳಲೇ ಇಲ್ಲ. ಅಂದಿನಿಂದ ಆಟ ನಡೆಯುವಾಗ ಕಾಕು ಪಾತ್ರೆ ಮುಟ್ಟಬಾರದು ಎಂದು ಕಟ್ಟಳೆಯಾಯಿತು. ಆಕೆ ಅದನ್ನು ಬಲು ಸಂತೋಷದಿಂದ ಪಾಲಿಸಿದಳು.

ವಿಚಿತ್ರವೆಂದರೆ ಕಟ್ಟೆಯವರು ಈ ತಾಟಿಗೆ ಒಗ್ಗಿಕೊಂಡರು. ಔಟಾಗುತ್ತದೆ ಅಂತ ತಾಟು ಹೇಳಿಬಿಟ್ಟ ಮೇಲೆ, ಹೇಗೆ ಔಟಾಗಬಹುದು ಅಂತ ಅರ್ಧ ನಿಮಿಷ ವಾದಿಸುವುದು ಅವರಿಗೆ ಹೊಸ ಆಟವಾಯಿತು. ಬೌಲ್ಡು ಅಂತ ಒಬ್ಬ, ಕ್ಯಾಚು ಅಂತ ಇನ್ನೊಬ್ಬ. ಭೀಮಾಶಂಕರ ಕಿವಿಯ ಹತ್ತಿ ತೆಗೆದುಬಿಟ್ಟ. ಕೇಳಿದರೆ, ಸೆಕೆ ಆಗುತ್ತದೆ ಅಂತ ನೆಪ ಹೇಳಿದ.

ತಿಂಗಳು ಮುಗಿಯಲು ಇನ್ನು ಕೆಲವೇ ದಿನ. ಅಂದು ಕ್ರಿಕೆಟ್ ಕಪ್ಪಿನ ಕೊನೆಯ ಪಂದ್ಯ. ದೂರದ ದೇಶದಲ್ಲಿ ಆಟ, ನಮಗೆ ಸಂಜೆ ಬಿಸಿಲು ಆರುವಾಗ ಮುಗಿಯುವುದು. ಕಾಕು ಮುಂಜಾನೆಯಿಂದ ಚಡಪಡಿಸುತ್ತಿದ್ದಳು. ಇಷ್ಟು ದಿನ ಕಾದದ್ದು ಇವತ್ತು ಒಂದು ಕೂಗಿಗೆ ಹೋಗಬಾರದು. ಟಿ.ವಿ. ಹಚ್ಚುವುದೇ ಬೇಡ ಅಂದಳು. ಕಾಕಾ ಊಟದ ತಾಟನ್ನು ಪಕ್ಕಕ್ಕೆ ಸರಿಸಿ ಗೋಡೆಗೆ ಮುಖ ಮಾಡಿ ಕೂತರು. ಹಚ್ಚಬೇಕಾಯಿತು. ಆಕೆ ಅವರ ಬಗಲಿಗೇ ಕೂತಳು, ಒಂದು ಕೈ ಸಿದ್ಧವಾಗಿಟ್ಟುಕೊಂಡು.

ನಾನು ನಮ್ಮ ಮಾಳಿಗೆಯ ಮೇಲೆ ಒಣಗಿದ ಮೆಣಸಿನಕಾಯಿ ಬಳಿದು ಗುಡ್ಡೆ ಹಾಕುತ್ತಿದ್ದೆ. ಕೆಳಗಿನಿಂದ ತಾಟು ಹೇಳುತ್ತಲೇ ಇತ್ತು. ಒಂದು ಬಡಿತ. ತಡವಾಗಿ ಎರಡು. ಮತ್ತೆ ಗಡಗಡ, ಕಟ್ಟೆಯಲ್ಲಿ ಹಾಯ್ ಹಾಯ್. ಕೊನೆಯ ಓವರು ಅಂತ ಯಾರೋ ಅಂದರು. ಆಗ ಕಾಲುವೆ ಕಡೆಯ ಭತ್ತದ ಗದ್ದೆಯಿಂದ ಗೂಡಿಗೆ ಹೊರಟ ದೊಡ್ಡದೊಂದು ಬಿಳಿ ಕೊಕ್ಕರೆ ಬಂದು ಕಾಕಾನ ಅಂಟೆನಾದ ತುದಿಯ ಮೇಲೆ ಕೂತಿತು. ಆ ಪೈಪಿನ ನಟ್ಟನ್ನು ಕಾಕಾ ಅಂದಿನಿಂದ ಮುಟ್ಟಿರಲೇ ಇಲ್ಲ, ಸಡಿಲವೇ ಇತ್ತು. ಕೊಕ್ಕರೆಯ ಭಾರಕ್ಕೆ ಅಂಟೆನಾ ಮೆಲ್ಲಗೆ ಸುತ್ತಿ ಬಂಡೆಯನ್ನು ಬಿಟ್ಟು ನಮ್ಮ ನೀರಿನ ಟಾಕಿಯನ್ನು ನೋಡತೊಡಗಿತು.

ತಾಟು ನಿಂತಿತು.

ಒಳಗೆ ಆಗ ನಡೆದದ್ದನ್ನು ಕಾಕು ಆಮೇಲೆ ಹೇಳಿದಳು. ಬೌಲರು ಒಂದು ಕಾಲೆತ್ತಿ ಗಾಳಿಯಲ್ಲಿ ನಿಂತವನು ಹಾಗೇ ನಿಂತುಬಿಟ್ಟನಂತೆ. ಆಮೇಲೆ ಪರದೆ ನೀಲಿಯಾಯಿತು. ಕಾಕಾ ಎದ್ದು ನಿಂತು ಮಾಳಿಗೆಯ ಕಡೆ ಕೈ ತೋರಿಸಿ ಬಾಯಿ ತೆರೆದರು, ಉಸಿರು ಎಳೆದುಕೊಂಡರು. ಕಾಕು ಎರಡೂ ಅಂಗೈಯಿಂದ ಅವರ ಬಾಯಿ ಒತ್ತಿ ಹಿಡಿದಳು. ಅವರು ಕೊಸರಿದರು, ಆಕೆ ಬಿಡಲಿಲ್ಲ. ಮದುವೆಯಾದಾಗಿನಿಂದ ಅವರ ಮೇಲೆ ಕೈ ಮಾಡಿದ್ದು ಅದೇ ಮೊದಲು ಅಂದಳು.

ನಾನು ತಗ್ಗು ಗೋಡೆ ದಾಟಿ ಅವರ ಮಾಳಿಗೆಗೆ ಹೋದೆ. ಸೆರಗು ಬೀಸಿದೆ. ಕೊಕ್ಕರೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತನಗೆ ತೋಚಿದಾಗ ಹಾರಿತು. ಪೈಪು ಹಿಡಿದು ತಿರುಗಿಸುತ್ತ, ರೂಢಿಯ ಮಾತಲ್ಲವೇ, "ಬಂತೇನ್ರಿ?" ಅಂತ ಕೂಗಿದೆ. ಉತ್ತರ ಕೊಡಬೇಕಾದವರ ಬಾಯಿ ಕಾಕುವಿನ ಕೈಯೊಳಗಿತ್ತು. ಕಾಕುವಿಗೆ ಪರದೆ ನೋಡುವ ಪುರಸೊತ್ತಿರಲಿಲ್ಲ.

ಆಗ ಓಣಿಗೆ ಬಗ್ಗಿ ನೋಡಿದೆ. ಕಟ್ಟೆಯ ಗಂಡಸರು ಫೋನಿನ ಮೇಲೆ ತಲೆಗೆ ತಲೆ ತಾಗಿಸಿ ಬಾಗಿದ್ದರು. ಒಮ್ಮೆಲೇ ಎಲ್ಲರೂ ಎದ್ದರು. ಭೀಮಾಶಂಕರನ ಎರಡೂ ಕೈ ಮೇಲೆ ಹೋದವು. ಗೆದ್ದೆವು ಅಂತ ನನಗೆ ತಿಳಿಯಿತು. ಒಬ್ಬ ಸಿಳ್ಳೆ ಹೊಡೆಯಲು ಬಾಯಿಗೆ ಬೆರಳಿಟ್ಟ. ಭೀಮಾಶಂಕರ ಮೇಲೆತ್ತಿದ ಕೈಯನ್ನೇ ಇಳಿಸಿ ಅವನ ಬಾಯಿಗೆ ಅಡ್ಡ ಹಿಡಿದು, ಕಾಕಾನ ಬಾಗಿಲು ತೋರಿಸಿದ. ತಾಟು ಇನ್ನೂ ಬಡಿದಿಲ್ಲ. ಅಷ್ಟೂ ಮಂದಿ ಆ ಬಾಗಿಲನ್ನು ನೋಡುತ್ತ, ಬಿಸಿ ಬಜ್ಜಿಯನ್ನು ಬಾಯಲ್ಲಿಟ್ಟುಕೊಂಡು ಉಗುಳಲೂ ಆಗದೆ ನುಂಗಲೂ ಆಗದೆ ನಿಂತವರ ಹಾಗೆ ನಿಂತರು. ಭೀಮಾಶಂಕರ ತಲೆಯೆತ್ತಿ ನನಗೆ ಕೈಸನ್ನೆ ಮಾಡಿದ: ತಿರುಗಿಸ್ರಿ, ತಿರುಗಿಸ್ರಿ.

ಅಷ್ಟರಲ್ಲಿ ಬಜಾರದ ಕಡೆ ಪಟಾಕಿ ಸಿಡಿಯಿತು. ಭೀಮಾಶಂಕರ ಕಾಕಾನ ಕಿಟಕಿಗೆ ಕೇಳುವ ಹಾಗೆ ಗಟ್ಟಿಯಾಗಿ, ಯಾರಿಗೂ ಅಲ್ಲದೆ ಹೇಳಿದ:

"ಯಾರದೋ ಮದುವಿ ಅದ, ಬಿಡ್ರಿ. ಇನ್ನಾ ಒಂದು ಬಾಲ್ ಉಳದದ."

ನಾನು ಪೈಪನ್ನು ಬಂಡೆಯ ಕಡೆಗೆ ತಂದು ನಿಲ್ಲಿಸಿದೆ. ಆ ಡಬ್ಬಿ ಚಿತ್ರ ಹಿಡಿಯಲು ತನ್ನದೇ ಸಮಯ ತೆಗೆದುಕೊಳ್ಳುತ್ತದೆ. ಓಣಿಯಲ್ಲಿ ಒಬ್ಬರೂ ಅಲುಗಲಿಲ್ಲ. ಸಿಳ್ಳೆಯವನ ಕಣ್ಣು ಮಾತ್ರ ಉರುಟಾಗಿ ಹೊರಳುತ್ತಿದ್ದವು.

ಆಮೇಲೆ ತಾಟು ಬಡಿಯಿತು. ಬೌಂಡರಿಯದಲ್ಲ, ಸಿಕ್ಸರಿನದಲ್ಲ, ಔಟಿನದೂ ಅಲ್ಲ. ನಿಲ್ಲದೆ, ಗುರಿಯಿಲ್ಲದೆ, ಆರತಿಯ ಹೊತ್ತಿನ ಜಾಗಟೆಯ ಹಾಗೆ. ಕಟ್ಟೆ ಒಡೆದ ಕೆರೆಯಂತೆ ಓಣಿ ಕೂಗಿತು. ಆಗಷ್ಟೇ ಸುದ್ದಿ ತಿಳಿದವರ ಹಾಗೆ ಎಲ್ಲರೂ ಕುಣಿದರು. ಭೀಮಾಶಂಕರ ಎಲ್ಲರಿಗಿಂತ ಹೆಚ್ಚು.

ಕಾಕಾ ತಾಟು ಹಿಡಿದು ಹೊರಗೆ ಬಂದರು. ಬೆವರಿದ್ದರು. ಕೆನ್ನೆಯ ಮೇಲೆ ಕಾಕುವಿನ ಬೆರಳಿನ ಗುರುತಿತ್ತು. ಭೀಮಾಶಂಕರನ ಕೈಯ ಫೋನನ್ನು ಒಂದು ಸಲ ನೋಡಿದರು. ಮಾಳಿಗೆಯ ಮೇಲೆ ಇನ್ನೂ ಪೈಪು ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಆ ಗಾಡಿ ಯಾವಾಗ ಬಂತು, ಈ ಗಾಡಿ ಯಾವಾಗ ಬಂತು ಎಂದು ಲೆಕ್ಕ ಹಾಕುವುದರಲ್ಲೇ ಆಯುಷ್ಯ ಕಳೆದವರು. ಸೌಟನ್ನು ಭೀಮಾಶಂಕರನ ಕೈಗೆ ಕೊಟ್ಟು, ತಾಟನ್ನು ಅವನ ಮುಂದೆ ಹಿಡಿದರು. ಅವನು ಬಡಿದ.

ಕೆಲವು ದಿನಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಕಲಬುರಗಿಗೆ ಹೋಗಿ ಬಂದರು. ಡಾಕ್ಟರು ಗಾಯ ಮಾಯ್ದಿದೆ, ಇನ್ನು ಮಾತಾಡಬಹುದು, ಆದರೆ ಆ ಹಳೆಯ ಕೂಗು 'ಇನ್ನಿಲ್ಲ' ಅಂದಿದ್ದರು. ದನಿ ಉಳಿದಿದೆ, ಜೋರು ಹೋಗಿದೆ. ಎತ್ತರಿಸಿದರೆ ಇದೂ ಹೋಗುತ್ತದೆ. ಡಾಕ್ಟರ ಮುಂದೆ ಒಂದು ಸಲ 'ಆ' ಅಂದದ್ದು ಬಿಟ್ಟರೆ ದಾರಿಯುದ್ದಕ್ಕೂ ಬಾಯಿ ಬಿಟ್ಟಿಲ್ಲ, ಓಣಿಗೆ ಅಂತ ಉಳಿಸಿಕೊಂಡು ತಂದಿದ್ದಾರೆ ಎಂದು ಕಾಕು ಹೇಳಿದಳು. ಸಂಜೆ ಅವರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಮಾತು ಏನಿರಬಹುದೆಂದು ಎಲ್ಲರಿಗೂ ಕುತೂಹಲ. ಗಮನಿಸಿ, ಗಮನಿಸಿ ಅಂತಲೇ ಶುರುಮಾಡುತ್ತಾರೆ ನೋಡು ಅಂತ ನಮ್ಮ ಮನೆಯವರು ನನ್ನ ಕಿವಿಯಲ್ಲಿ ಹೇಳಿದರು.

ಕಾಕಾ ನೀರು ಕುಡಿದರು. ಎಡಗೈ ತಾನಾಗಿ ಕಿವಿಗೆ ಹೋಯಿತು. ಬಂದ ದನಿ ಎಷ್ಟು ತೆಳ್ಳಗಿತ್ತೆಂದರೆ, ಮಗ್ಗುಲಲ್ಲಿ ಕೂತ ನನಗೇ ಬಾಗಿ ಕೇಳಬೇಕಾಯಿತು.

"ಅವತ್ತು ನನ್ನ ಗಾಡಿ ಲೇಟ್ ಇತ್ತು. ನೀವು ನಿಮ್ಮ ಗಾಡಿ ಹತ್ತಿ ಹೋಗಬಹುದಿತ್ತು. ಸ್ಟ್ಯಾಂಡಿನ್ಯಾಗ ನಿಂತು ಕಾದ್ರಿ."

ಬಾಗಿಲಲ್ಲಿ ನಿಂತವರಿಗೆ ಏನೂ ಕೇಳಲಿಲ್ಲ. ಏನಂದರು, ಏನಂದರು ಅಂತ ಹಿಂದಿನಿಂದ ಗುಜುಗುಜು ಎದ್ದಿತು. ಕಾಕಾ ಇನ್ನೊಮ್ಮೆ ಹೇಳಲು ಉಸಿರು ಎಳೆದುಕೊಂಡರು. ಕಾಕುವಿನ ಕೈ ಮೇಲೆ ಹೋಯಿತು. ಅಷ್ಟರಲ್ಲಿ ಭೀಮಾಶಂಕರ ಫೋನನ್ನು ಜೇಬಿಗಿಳಿಸಿ, ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವರ ಪಕ್ಕ ಕೂತ. ಬಾಗಿಲ ಕಡೆ ತಿರುಗಿ, ನಿಲ್ದಾಣದ ಆಚೆ ಕೊನೆಗೂ ಮುಟ್ಟುವಂಥ ದನಿಯಲ್ಲಿ ಆ ಮೂರೂ ಮಾತನ್ನು ಒಂದಕ್ಷರ ಬಿಡದೆ ಕೂಗಿದ. ಎರಡು ಸಲ ಕೂಗಿದ. ಕಾಕಾ ತಲೆದೂಗಿದರು. ಕೆಳದನಿಯಲ್ಲಿ ಅವನಿಗೆ ಮತ್ತೇನೋ ಹೇಳಿದರು. ಅವನು ಅದನ್ನೂ ಕೂಗಿದ:

"ಅಡಿಗಿಮನಿಯಿಂದ ಪಡಸಾಲಿಗೆ ಊಟ ಹೊರಡತದಂತ. ಎಲ್ಲಾರೂ ಕುಂದರ್ರಿ."

ಆ ಸಂಜೆ ಕಾಕು ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ ಮಾಡಿದ್ದಳು. ನಾನು ಮನೆಯಿಂದ ಮೊಸರು, ಹಸಿ ಉಳ್ಳಾಗಡ್ಡಿ ತಂದೆ. ಭೀಮಾಶಂಕರನ ಹೆಂಡತಿ ಸಜ್ಜಕ ತಂದಳು. ಬೆಲ್ಲ ಸ್ವಲ್ಪ ಮುಂದಾಗಿತ್ತು. ಕಾಕಾ ನಾಲ್ಕು ರೊಟ್ಟಿ ತಿಂದರು. ಕೈ ತೊಳೆದು ಬಂದು, ಸುರಪುರದ ಬಸ್ಸಿನ ಯಾವುದೋ ಕಥೆ ಶುರುಮಾಡಿದರು. ನಾವೆಲ್ಲ ಹತ್ತಿರ ಹತ್ತಿರ ಸರಿದು ಅವರ ಬಾಯಿಯನ್ನೇ ನೋಡುತ್ತ ಕೂತೆವು. ಕಥೆ ಇನ್ನೂ ನಿಲ್ದಾಣ ಬಿಟ್ಟಿರಲಿಲ್ಲ, ಗೋಡೆಗೆ ಒರಗಿದ ಹಾಗೇ ಎಲ್ಲರಿಗಿಂತ ಮೊದಲು ಕಾಕಾ ನಿದ್ದೆ ಹೋದರು.